ದೊಡ್ಡಪ್ಪನ ಮರಕ್ಕೆ ಸುಣ್ಣದ ಗುರುತು

ಕಾರಮಡೈ ಪಕ್ಕದ ನಮ್ಮ ತೋಟದ ಮನೆಗೆ ಇಪ್ಪತ್ತು ವರ್ಷ ತಗಡಿನ ಬಾಗಿಲೇ ಗತಿಯಾಗಿತ್ತು. ಅಮ್ಮನಿಗೆ ತೇಗದ ಬಾಗಿಲು ಬೇಕಿತ್ತು. ಅಪ್ಪ, "ಮರ ಬೆಳೀತಾ ಐತಲ್ಲ, ತಡ್ಕೋ" ಅನ್ನುತ್ತಿದ್ದ. ಗೃಹಪ್ರವೇಶಕ್ಕೆ ಬಂದ ನೆಂಟರ ಕೈಗೆಲ್ಲ ಒಂದೊಂದು ತೇಗದ ಸಸಿ ಕೊಟ್ಟು ನೆಡಿಸಿದ್ದ ಪುಣ್ಯಾತ್ಮ ಅವನು. ನೆಡದವರಿಗೆ ಪಾಯಸ ಇಲ್ಲ! ಅಂದಿನಿಂದ ಅವು ಮರಗಳಲ್ಲ, ನೆಂಟರು.

ಹೋದ ವರ್ಷ, ಮರಗಳು ಗಾಳಿಯಿಂದ ಎಷ್ಟು ಇಂಗಾಲ ಹೀರಿವೆ ಎಂದು ಲೆಕ್ಕ ಬರೆದುಕೊಳ್ಳುವ ಕಾರ್ಬನ್ ಯೋಜನೆಯ ಹುಡುಗಿಯೊಬ್ಬಳು ಬಂದು ಮರಗಳನ್ನೆಲ್ಲ ಅಳೆದಳು. ಒತ್ತಾಗಿ ಬೆಳೆದುದರಲ್ಲಿ ಸೊಟ್ಟಗಿನವನ್ನೂ ಬಡಕಲನ್ನೂ ಕಡಿದರೆ ಉಳಿದವು ದಪ್ಪಗಾಗಿ ಇನ್ನಷ್ಟು ಇಂಗಾಲ ಹಿಡಿದಿಡುತ್ತವೆ, ಕಡಿದದ್ದು ಒಲೆಗೆ ಹೋಗದೆ ಬಾಗಿಲೋ ಮಂಚವೋ ಆದರೆ ಅದರ ಇಂಗಾಲವೂ ಅಲ್ಲೇ ಉಳಿಯುತ್ತದೆ ಎಂದು ವಿವರಿಸಿದಳು. ಬಾಗಿಲು ಎಂದ ಕೂಡಲೇ ಅಮ್ಮನ ಮುಖ ಅರಳಿತು. ಹುಡುಗಿ ಕಡಿಯಬೇಕಾದ ಮರಗಳಿಗೆ ಸುಣ್ಣದ ಗುರುತು ಹಾಕಿ ಹೋದಳು.

ಸಂಜೆಯೊಳಗೆ ಸುದ್ದಿ ನೆಂಟರಿಗೆಲ್ಲ ಮುಟ್ಟಿತ್ತು. ಯಾವ ಮನೆಹಾಳರು ಮುಟ್ಟಿಸಿದರೋ ಅನ್ನಬೇಡಿ, ಫೋನಿನ ಗುಂಪಿಗೆ ಫೋಟೊ ಹಾಕಿದ್ದು ನಾನೇ.

ಮರುದಿನ ದೊಡ್ಡಪ್ಪ ಕಿಣತ್ತುಕಡವಿನಿಂದ ಬಂದವನೇ ತನ್ನ ಮರದ ಬುಡಕ್ಕೆ ಹೋದ. "ನಂದು ಸೊಟ್ಟಾನಾ? ಯಾರು ಏಳಿದ್ದು? ಗಾಳೀಗೆ ಒಂಚೂರು ಬಗ್ಗೈತೆ, ಅಷ್ಟೇ!" ಹಾಗೆನ್ನುವಾಗ ಅವನೂ ಒಂಚೂರು ಬಗ್ಗಿಯೇ ನಿಂತಿದ್ದ. ಪಲ್ಲಡಂನ ಚಿಕ್ಕಮ್ಮ ಟೇಪು ತಂದು ತನ್ನ ಬಡಕಲು ಮರವನ್ನು ಅಳೆದಳು. ಅಳತೆ ಕಡಿಮೆ ಬಂತು. ಮರಕ್ಕೆ ಸೆರಗು ಸುತ್ತಿ ಮತ್ತೆ ಅಳೆದಳು. "ಈಗ ನೋಡ್ರೀ!"

ಅಪ್ಪ ಒದ್ದೆ ಬಟ್ಟೆ ಹಿಡಿದು ಒಂದೊಂದೇ ಗುರುತನ್ನು ಒರೆಸತೊಡಗಿದ. ನನಗೆ ಮೈಯೆಲ್ಲ ಉರಿದುಹೋಯಿತು.

"ಅಪ್ಪಾ, ಅಮ್ಮನ ಬಾಗ್ಲು?"

"ಬರೋ ವರ್ಸ ನೋಡಾಣ ಬುಡು."

ಅಮ್ಮ ಸುಣ್ಣದ ಡಬ್ಬಿ ಎತ್ತಿಕೊಂಡಳು. ಸಾಲಿನಲ್ಲೇ ಎಲ್ಲಕ್ಕಿಂತ ನೆಟ್ಟಗಿದ್ದ ಮರದ ಮುಂದೆ ನಿಂತು ದೊಡ್ಡದೊಂದು ಗುರುತು ಹಾಕಿದಳು. ಅದು ಅವಳೇ ನೆಟ್ಟ ಮರ. "ಇದನ್ನ ಕಡೀರಿ. ನಂಗೋಸ್ಕರ ಜಗಳಕ್ಕೆ ಯಾರೂ ಬರಾಕಿಲ್ಲ" ಅಂದಳು.

ನನಗೆ ಅಳು ಬಂತು. ದೊಡ್ಡಪ್ಪ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, "ನಂದೂ ಕಡೀರಪ್ಪ, ಚೌಕಟ್ಟಿಗಾದ್ರೂ ಆಗ್ಲಿ" ಅಂದ.

ಹಲಗೆ ಅಮ್ಮನ ಮರದ್ದು, ಚೌಕಟ್ಟು ದೊಡ್ಡಪ್ಪನ ಮರದ್ದು. ಹಾಗಾಗಿ ಬಾಗಿಲು ಇವತ್ತಿಗೂ ಪೂರ್ತಿ ಮುಚ್ಚುವುದಿಲ್ಲ. ಅಮ್ಮ ದಿನವೂ ಭುಜ ಕೊಟ್ಟು ತಳ್ಳುತ್ತಾಳೆ, ದೊಡ್ಡಪ್ಪನನ್ನು ಬೈಯುತ್ತಾಳೆ, ಆಮೇಲೆ ಹಲಗೆಯನ್ನು ಸೆರಗಿನಿಂದ ಒರೆಸುತ್ತಾಳೆ.

ಕಡಿದ ಜಾಗದಲ್ಲಿ ಅಪ್ಪ ಎರಡು ಸಸಿ ನೆಟ್ಟಿದ್ದಾನೆ. ಈ ವರ್ಷ ಹುಡುಗಿ ಅಳೆಯಲು ಬಂದಾಗ ಅವಳನ್ನು ಮೊದಲು ಬಾಗಿಲ ಹತ್ತಿರ ಕರೆತಂದು ಅಮ್ಮನ ಹಲಗೆಯ ಮೇಲೆ ಕೈಯಿಟ್ಟ.

"ಇದನ್ನೂ ಬರ್ಕೊಳಮ್ಮ. ನಮ್ಮ ಮರಗಳ್ನಾಗೆ ಜಗಳ ಆಡ್ದೇ ಇದ್ದದ್ದು ಇದೊಂದೇ."