ಕೆಂಪು ಖಾರ ಹಚ್ಚಿದ ರೊಟ್ಟಿ

ಮಗಳು ಫೋನಿನಲ್ಲಿ ಹಾಕಿದ ಷರತ್ತು ಒಂದೇ ಆಗಿತ್ತು: ಹುಡುಗನ ತಾಯಿಯ ಎದುರು ನಾನು ನಮ್ಮ ಮನೆಯ ಊಟದ ಮಾತು ಎತ್ತಬಾರದು. ಅವರು ಧಾರವಾಡದ ಕಡೆಯವರು, ಮೊಟ್ಟೆಯನ್ನು ಕೂಡ ಮನೆಯೊಳಗೆ ಬಿಟ್ಟುಕೊಳ್ಳದವರು. ನಾವು ಮೈಸೂರಿನವರು, ಕೈಮ ಉಂಡೆಯ ಸಾರಿಲ್ಲದಿದ್ದರೆ ಅದು ಭಾನುವಾರವೇ ಅಲ್ಲ ಎನ್ನುವವರು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿಕೊಂಡು ವರ್ಷಗಳೇ ಆಗಿದ್ದವು. ಹುಡುಗನ ತಂದೆಯದೂ ತಕರಾರಿರಲಿಲ್ಲ. ಬಾಕಿ ಇದ್ದದ್ದು ಆ ತಾಯಿ ‘ಹೂಂ’ ಅನ್ನುವುದು ಮಾತ್ರ.

“ನಾವೇನು ಕದ್ದು ತಿಂತೀವಾ?” ಎಂದು ರೇಗಿದೆ.

“ಅಮ್ಮ, ಪ್ಲೀಸ್. ಜಸ್ಟ್ ಒನ್ ಲಂಚ್. ವಿ ವಿಲ್ ಟೆಲ್ ಹರ್ ಲೇಟರ್,” ಎಂದಳು. ನಾನು ಕನ್ನಡದಲ್ಲಿ ಬೈಯುವುದು, ಅವಳು ಇಂಗ್ಲಿಷಿನಲ್ಲಿ ಸಮಾಧಾನ ಮಾಡುವುದು ನಮ್ಮಲ್ಲಿ ಮೊದಲಿನಿಂದ ನಡೆದುಬಂದ ಪದ್ಧತಿ. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಎರಡು ದಿನ ಹೊಟ್ಟೆ ಉರಿಯುತ್ತಲೇ ಇತ್ತು.

ಮಕ್ಕಳಿಬ್ಬರ ಕೆಲಸವೂ ಹ್ಯೂಸ್ಟನ್‌ನಲ್ಲಿ. ಹುಡುಗನ ತಾಯಿ ಡಾಲಸ್ ಪಕ್ಕದ ಫ್ಲವರ್ ಮೌಂಡ್‌ನಿಂದ ಬರುವುದು, ನಾವು ಆಸ್ಟಿನ್ ಕಡೆಯಿಂದ ಬರುವುದು, ಮಕ್ಕಳು ಯಾವಾಗಲೂ ಹೋಗುವ ಚಿಕ್ಕದೊಂದು ಟರ್ಕಿಶ್ ಹೋಟೆಲಿನಲ್ಲಿ ಮಧ್ಯಾಹ್ನ ಊಟ ಮಾಡುವುದು ಎಂದು ತೀರ್ಮಾನವಾಗಿತ್ತು. ಟರ್ಕಿಶ್ ಪಿಜ್ಜಾ ಚೆನ್ನಾಗಿರುತ್ತದೆ, ಪಾಲಕ್ ಚೀಸ್ ಹಾಕಿದ್ದು ಸಿಗುತ್ತದೆ, ಆಂಟಿಗೂ ನಡೆಯುತ್ತದೆ ಎಂದು ಮಗಳ ಲೆಕ್ಕಾಚಾರ. ಹೆಣ್ಣು ನೋಡುವ ಶಾಸ್ತ್ರಕ್ಕೆ ಉಪ್ಪಿಟ್ಟು ಕೇಸರಿಬಾತಿನ ಜಾಗದಲ್ಲಿ ಪಿಜ್ಜಾ!

ಬೆಳಿಗ್ಗೆ ಆಸ್ಟಿನ್ ಪಕ್ಕದ ನಮ್ಮೂರು ಜಾರ್ಜ್‌ಟೌನ್ ಬಿಟ್ಟೆವು. ಹೋದ ವಾರದ ಮಸಾಲೆ ವಾಸನೆ ಎಲ್ಲಿ ಬಟ್ಟೆಗೆ ಹತ್ತಿದೆಯೋ ಎಂಬ ಭಯಕ್ಕೆ ಸೂಟ್‌ಕೇಸಿನ ತಳದಲ್ಲಿದ್ದ ಸೀರೆ ತೆಗೆದು ಉಟ್ಟಿದ್ದೆ. ಪಕ್ಕದ ಟೇಲರ್ ಊರಿನ ಕಂಪ್ಯೂಟರ್ ಚಿಪ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ನನ್ನ ಗಂಡನಿಗೆ ಎಲ್ಲವನ್ನೂ ಮೊದಲೇ ಟೆಸ್ಟ್ ಮಾಡಿ ನೋಡುವ ಚಟ. ಆಸ್ಟಿನ್ ದಾಟುವಷ್ಟರಲ್ಲಿ ನನ್ನ ಟೆಸ್ಟ್ ಶುರುವಾಯಿತು.

“ಭಾನುವಾರ ಮನೇಲಿ ಏನ್ ಮಾಡ್ತೀರಿ ಅಂತ ಕೇಳಿದ್ರೆ?”

“ಬಿಸಿಬೇಳೆಬಾತ್.”

“ಆ ಮುಖ ಇಟ್ಕೊಂಡು ಹೇಳಿದ್ರೆ ಯಾರೂ ನಂಬಲ್ಲ. ಸ್ವಲ್ಪ ನಗ್ತಾ ಹೇಳು.”

“ನೀವೇ ಹೇಳ್ಕೊಳ್ಳಿ,” ಎಂದು ಕಿಟಕಿಯ ಕಡೆ ತಿರುಗಿದೆ. ಹೆದ್ದಾರಿಯ ಪಕ್ಕ ದನಗಳು ಮೇಯುತ್ತಿದ್ದವು. ಅವನ್ನು ನೋಡಿದರೂ ಅಪರಾಧಿಯ ಹಾಗೆ ಅನಿಸುವಂತೆ ಮಾಡಿದ್ದರು ಅಪ್ಪ ಮಗಳು ಸೇರಿ.

ಹೋಟೆಲು ಒಂದು ಲಾಂಡ್ರಿ ಮತ್ತು ಉಗುರಿಗೆ ಬಣ್ಣ ಹಚ್ಚುವ ಅಂಗಡಿಯ ನಡುವೆ ಇತ್ತು. ಆರೇಳು ಮೇಜು, ಹಿಂದುಗಡೆ ಉರಿಯುವ ಒಲೆ. ಮಾಲೀಕನೇ ಹಿಟ್ಟು ತಟ್ಟಿ, ಬೇಯಿಸಿ, ತಂದು ಬಡಿಸುತ್ತಿದ್ದ. ಮೊಣಕೈವರೆಗೂ ಮೈದಾ ಹಿಟ್ಟು. ಬಾಗಿಲಲ್ಲಿ ಕಾದಿದ್ದು ನಮ್ಮ ಜೊತೆ ಒಳಬಂದ ಮಗಳನ್ನು ನೋಡಿ ಸ್ವಂತ ಸೋದರಮಾವನಂತೆ ಕೈಯೆತ್ತಿ ಕರೆದ.

ಹುಡುಗನ ತಾಯಿ ಆಗಲೇ ಬಂದು ಮಗನ ಜೊತೆ ಕೂತಿದ್ದರು. ಅವರ ಗಂಡ ಡಾಕ್ಟರ್, ಆ ದಿನ ಡ್ಯೂಟಿ ಇತ್ತಂತೆ. ಇವರೊಬ್ಬರೇ ಡ್ರೈವ್ ಮಾಡಿಕೊಂಡು ಬಂದಿದ್ದರು. ಬಣ್ಣ ಹಚ್ಚದ ಬಿಳಿ ಕೂದಲು, ಕಾಟನ್ ಕುರ್ತಾ, ಕಾಲಿಗೆ ಓಡುವ ಶೂ, ಕೊರಳಲ್ಲಿ ಲಿಂಗದ ದಾರ. ಸೀರೆ ಉಟ್ಟು ಹೋಗಿದ್ದ ನಾನೇ ಮದುವೆಯ ಹೆಣ್ಣಿನ ಹಾಗೆ ಕಾಣುತ್ತಿದ್ದೆ.

“ನಾಕು ತಾಸು ಗಾಡಿ ಹೊಡದು ಬಂದೀನ್ರಿ,” ಎಂದರು. “ಸೊಂಟ ಹಿಡದೈತಿ. ಕುಂದ್ರೂಣು ಬರ್ರಿ.”

ಆರ್ಡರ್ ಕೊಡುವುದನ್ನು ಅವರೇ ಕೈಗೆ ತೆಗೆದುಕೊಂಡರು. ಮಾಲೀಕನನ್ನು ಪಕ್ಕಕ್ಕೆ ಕರೆದು, ಇದರಲ್ಲಿ ಮಾಂಸ ಇದೆಯೇ, ಮೊಟ್ಟೆ ಇದೆಯೇ, ಹಿಟ್ಟಿಗೆ ಯಾವ ಕೊಬ್ಬು ಹಾಕುತ್ತೀರಿ, ಕತ್ತರಿಸುವ ಚಾಕು ಬೇರೆ ಇದೆಯೇ ಎಂದು ಒಂದೊಂದೇ ಕೇಳಿದರು. ಅವನೂ ಬೇಸರ ಮಾಡಿಕೊಳ್ಳದೆ ಉತ್ತರ ಹೇಳಿದ. ಕೊನೆಗೆ ಪಾಲಕ್ ಚೀಸ್ ಹಾಕಿದ ಪಿದೆ ಎರಡು, ಬರೀ ಚೀಸಿನದು ಒಂದು ಎಂದಾಯಿತು. ದೋಣಿಯಾಕಾರದ ಆ ಪಿಜ್ಜಾಕ್ಕೆ ಅಲ್ಲಿ ಪಿದೆ ಎನ್ನುತ್ತಾರೆ.

“ಹೊರಗಿನ ಊಟ ಅಂದ್ರ ನನಗ ಇಷ್ಟು ಕೇಳ್ಬೇಕಾಗ್ತೈತ್ರಿ. ನಿಮಗೂ ಹಂಗ ಅಲ್ರಿ?” ಎಂದು ನನ್ನ ಮುಖ ನೋಡಿದರು.

ನನ್ನ ಗಂಡ ಮೇಜಿನ ಕೆಳಗೆ ಕಾಲು ತಾಗಿಸಿದರು. “ಹೂಂ, ಕೇಳ್ಬೇಕಾಗತ್ತೆ,” ಎಂದೆ. ಕೇಳುತ್ತೇವೆ, ಮೂಳೆ ಇದೆಯೋ ಇಲ್ಲವೋ ಎಂದು. ನೀರು ಕುಡಿದೆ.

ಆ ಮೇಲೆ ಮಾತು ಚೆನ್ನಾಗಿಯೇ ನಡೆಯಿತು. ಹುಡುಗ ಸಣ್ಣವನಿದ್ದಾಗ ಟೀಚರ್ ಕೊಟ್ಟ ಚಾಕೊಲೇಟಿನಲ್ಲಿ ಮೊಟ್ಟೆ ಇದೆಯೇನೋ ಎಂದು ಕೈಯಲ್ಲೇ ಹಿಡಿದುಕೊಂಡು ಮನೆಗೆ ಬಂದಿದ್ದನಂತೆ, ಬರುವಷ್ಟರಲ್ಲಿ ಕರಗಿ ಶರ್ಟೆಲ್ಲ ಕಂದಾಗಿತ್ತಂತೆ. “ಹಂಥ ಹುಡುಗ್ರಿ ನಮ್ಮವ,” ಎಂದು ಹೇಳುವಾಗ ಅವರ ಮುಖ ಬೆಳಗಿತು. ಹುಡುಗ ತಲೆ ತಗ್ಗಿಸಿ ಕರವಸ್ತ್ರ ಮಡಿಸುತ್ತಿದ್ದ. ನಾಚಿಕೆ ಎಂದುಕೊಂಡೆ.

ಅಷ್ಟರಲ್ಲಿ ಅವರಿಗೆ ಪೇಡೆಯ ಡಬ್ಬಿ ಕಾರಿನಲ್ಲೇ ಉಳಿದದ್ದು ನೆನಪಾಯಿತು. ಮಾತು ಕುದುರಿದರೆ ಬಾಯಿ ಸಿಹಿ ಮಾಡಲು ತಾವೇ ಮನೆಯಲ್ಲಿ ಮಾಡಿ ತಂದಿದ್ದರಂತೆ. ಕಾರು ನಿಲ್ಲಿಸಲು ಎದುರಿಗೆ ಜಾಗ ಸಿಗದೆ ಹಿಂದಿನ ಬೀದಿಯಲ್ಲಿ ಬಿಟ್ಟಿದ್ದರು. ತರಲು ಮಕ್ಕಳಿಬ್ಬರೂ ಎದ್ದು ಹೋದರು. ಪೇಡೆಯ ಮಾತು ಬಂತೆಂದರೆ ಅರ್ಧ ಗೆದ್ದಂತೆಯೇ ಎಂದು ನನ್ನ ಗಂಡನ ಮುಖವೂ ಅರಳಿತು.

ಮಕ್ಕಳು ಬಾಗಿಲು ದಾಟಿದ್ದೇ ತಡ, ಮಾಲೀಕ ಇನ್ನೊಂದು ತಟ್ಟೆ ಹಿಡಿದುಕೊಂಡು ಬಂದ. ನಾವು ಹೇಳಿದ್ದಲ್ಲ ಅದು. ತೆಳ್ಳಗಿನ ದುಂಡು ರೊಟ್ಟಿ, ಅಂಚಿನವರೆಗೂ ಕೆಂಪಗೆ ಏನೋ ಸವರಿದ್ದಾನೆ, ಪಕ್ಕದಲ್ಲಿ ನಿಂಬೆ ಹೋಳು, ಸೊಪ್ಪು. ಎಲ್ಲರಿಗಿಂತ ಹಿರಿಯರೆಂದು ಹುಡುಗನ ತಾಯಿಯ ಮುಂದೆಯೇ ತಟ್ಟೆ ಇಟ್ಟು, ಎದೆಯ ಮೇಲೆ ಕೈಯಿಟ್ಟು ಬಾಗಿದ.

“ಲಹ್ಮಜುನ್, ತಾಯಿ. ನಿಮ್ಮ ಮಕ್ಕಳಿಬ್ಬರಿಗೂ ಇದೆಂದರೆ ಪ್ರಾಣ. ಬಂದಾಗಲೆಲ್ಲ ಇದೇ. ಇವತ್ತು ನನ್ನ ಕಡೆಯಿಂದ,” ಎಂದು ಇಂಗ್ಲಿಷಿನಲ್ಲಿ ಹೇಳಿ, ಒಲೆಯಲ್ಲಿ ಏನೋ ಸೀಯುತ್ತಿದೆಯೆಂದು ಓಡಿದ.

ಅವರು ಕೇಳಿದ ಪ್ರಶ್ನೆಗಳೆಲ್ಲ ಆರ್ಡರ್ ಮಾಡಿದ ಪಿದೆಗೆ. ಕೇಳದೆ ಬಂದದ್ದಕ್ಕೆ ಪ್ರಶ್ನೆ ಇರಲಿಲ್ಲ. ಮಗ ತಿನ್ನುತ್ತಾನೆ ಎಂದ ಮೇಲೆ ಕೇಳುವುದೇನು?

“ಅಯ್ಯ, ನೋಡ್ರಿಲ್ಲೆ,” ಎಂದು ಮಗುವಿನಂತೆ ನಕ್ಕರು. “ನಮ್ಮ ಕಡೆ ರೊಟ್ಟಿಮ್ಯಾಲ ಕೆಂಪು ಖಾರ ಹಚ್ಚಿ ಎಣ್ಣಿ ಬಿಟ್ಟಂಗ ಐತಿ. ಇದಕ್ಕ ಸೇರಿರಬೇಕ ನನ್ನ ಮಗಗ.”

ತಟ್ಟೆಯ ಹಬೆ ನನ್ನ ಕಡೆ ತಿರುಗಿತು. ಟೊಮೇಟೊ, ಈರುಳ್ಳಿ, ಮೆಣಸಿನಕಾಯಿ, ಅದರ ಅಡಿಯಲ್ಲಿ ಇನ್ನೊಂದು. ಕೈಮ. ಕುರಿಯದು, ಸ್ವಲ್ಪ ಕೊಬ್ಬು ಬಿಟ್ಟು ನುಣ್ಣಗೆ ಅರೆದದ್ದು. ಬದುಕಿಡೀ ಭಾನುವಾರ ಬೆಳಿಗ್ಗೆ ಆ ವಾಸನೆಗೆ ಎದ್ದವಳು ನಾನು. ಎದುರಿಗೆ ಗಂಡನ ಮೂಗಿನ ಹೊಳ್ಳೆಯೂ ಅಗಲವಾಯಿತು. ಇಬ್ಬರ ಕಣ್ಣೂ ಕೂಡಿದವು. ಅವರು ತಲೆಯನ್ನು ಇಷ್ಟೇ ಇಷ್ಟು ಅಲ್ಲಾಡಿಸಿದರು, ಬೇಡ ಎಂದು.

ಹುಡುಗನ ತಾಯಿ ರೊಟ್ಟಿ ಹರಿದರು. ಮೊದಲ ತುಂಡನ್ನು ನನ್ನ ತಟ್ಟೆಗೆ ಹಾಕಿ “ತಗೋರಿ” ಎಂದರು, ಎರಡನೆಯದನ್ನು ನನ್ನ ಗಂಡನಿಗೆ. ಮೂರನೆಯದು ತಮಗೆ. ಅದರ ಮೇಲೆ ನಿಂಬೆಹಣ್ಣು ಹಿಂಡತೊಡಗಿದರು.

ನೀರಿನ ಲೋಟ ಉರುಳಿಸಲೇ? ಅವರು ಇನ್ನೊಂದು ತುಂಡು ಹರಿಯುತ್ತಾರೆ. ಮಾಲೀಕನನ್ನು ಕರೆದು ಏನೂ ಗೊತ್ತಿಲ್ಲದವಳಂತೆ ಕೇಳಲೇ? ಅವನ ಬೆನ್ನು ಇತ್ತ ಕಡೆ, ತಲೆ ಒಲೆಯೊಳಗೆ. ‘ಮಾಂಸ ಇರಬಹುದೇನೋ’ ಎನ್ನಲೇ? ಹೇಗೆ ಅನಿಸಿತು ಎಂದರೆ? ಆ ವಾಸನೆ ತಿಂದವರಿಗೆ ಮಾತ್ರ ಗೊತ್ತಾಗುವಂಥದು. ಬಾಯಿ ಬಿಟ್ಟರೆ ಮಗಳು ಕಾಪಾಡಿಕೊಂಡು ಬಂದದ್ದೆಲ್ಲ ಹೋಯಿತು. ಸುಮ್ಮನಿದ್ದರೆ ಏನೂ ಆಗುವುದಿಲ್ಲ; ಹೊಸ ಖಾರ ಎಂದುಕೊಂಡು ತಿನ್ನುತ್ತಾರೆ, ನಗುತ್ತಾರೆ, ಪೇಡೆ ಹಂಚುತ್ತಾರೆ. ಅವರಿಗೆ ಎಂದೂ ತಿಳಿಯುವುದಿಲ್ಲ. ನನಗೆ ತಿಳಿದಿರುತ್ತದೆ. ನಾಳೆ ಅದೇ ಬಾಯಿಂದ ಅವರು ನನ್ನನ್ನು ಬೀಗಿತ್ತಿ ಎಂದು ಕರೆಯುತ್ತಾರೆ.

ಅವರ ಕೈ ಮೇಲೆದ್ದಿತು. ತುಂಡು ತುಟಿಯ ಹತ್ತಿರ ಬಂದಿತ್ತು. ನಾನು ಮೇಜಿನ ಮೇಲೆ ಬಾಗಿ ಅವರ ಮಣಿಕಟ್ಟು ಹಿಡಿದುಕೊಂಡೆ.

“ತಿನ್ಬೇಡಿ. ಅದರಲ್ಲಿ ಕುರಿ ಮಾಂಸ ಇದೆ.”

ಅವರು ನನ್ನ ಕೈ ನೋಡಿದರು, ಆಮೇಲೆ ನನ್ನನ್ನು. “ನಿಮಗ ಹೆಂಗ ಗೊತ್ತಾತ್ರಿ?”

“ವಾಸನೆ. ನಮ್ಮನೇಲಿ ಮಾಡ್ತೀವಿ,” ಎಂದೆ. ಧ್ವನಿ ನಡುಗಿತು. ನಡುಗಿದ್ದಕ್ಕೆ ಸಿಟ್ಟು ಬಂದು ಇನ್ನೂ ಗಟ್ಟಿಯಾಗಿ ಹೇಳಿದೆ: “ಪ್ರತಿ ಭಾನುವಾರ ಮಾಡ್ತೀವಿ. ನಾನು ತಿಂತೀನಿ, ಇವರು ತಿಂತಾರೆ, ನನ್ನ ಮಗಳು ತಿಂತಾಳೆ. ನಿಮಗೆ ಹೇಳಬಾರದು ಅಂತ ಇದ್ವಿ.”

ಗಂಡ ಕಣ್ಣು ಮುಚ್ಚಿಕೊಂಡರು. ಹುಡುಗನ ತಾಯಿ ತುಂಡನ್ನು ತಟ್ಟೆಯಲ್ಲಿಟ್ಟು ಎದ್ದು ಒಳಗೆ ಹೋದರು. ಅಲ್ಲಿಂದ ನೀರು ಬಿಟ್ಟ ಸದ್ದು ಕೇಳಿಸಿತು. ಸೋಪಿನ ಡಬ್ಬಿ ಒತ್ತುವುದು, ಮತ್ತೆ ಒತ್ತುವುದು. ಮದುವೆ ಮುರಿಯಿತು, ಮಗಳು ಜನ್ಮದಲ್ಲಿ ನನ್ನನ್ನು ಕ್ಷಮಿಸುವುದಿಲ್ಲ ಎಂದು ಅಲ್ಲೇ ಕೂತು ಅಳು ನುಂಗಿದೆ.

ಅವರು ವಾಪಸು ಬಂದು ಕೂತರು. ತಟ್ಟೆಯನ್ನೇ ನೋಡುತ್ತ ಬಹಳ ಮೆಲ್ಲಗೆ ಕೇಳಿದರು: “ಆ ಹೋಟೆಲಿನಾಂವ ಏನಂದಾ? ಮಕ್ಕಳಿಬ್ಬರಿಗೂ ಅಂದನಲ್ರಿ?”

ಆಗಲೇ ನನಗೆ ಹೊಳೆದದ್ದು. ನಾನು ಬಿಟ್ಟುಕೊಟ್ಟದ್ದು ನಮ್ಮ ಮನೆಯವರನ್ನಷ್ಟೇ ಅಲ್ಲ.

ಮಕ್ಕಳು ಏನೋ ನಗುತ್ತ ಒಳಗೆ ಬಂದರು. ಹುಡುಗನ ಕೈಯಲ್ಲಿ ಪೇಡೆಯ ಸ್ಟೀಲ್ ಡಬ್ಬಿ. ಅವನು ಮೊದಲು ತಟ್ಟೆ ನೋಡಿದ, ಆಮೇಲೆ ತಾಯಿಯ ಮುಖ. ನನ್ನ ಮಗಳು ನನ್ನ ಮುಖ ನೋಡಿದಳು.

“ಕುಂದ್ರು,” ಎಂದರು ತಾಯಿ. ತಟ್ಟೆಯನ್ನು ಅವನ ಮುಂದೆ ಸರಿಸಿದರು. “ತಣ್ಣಗಾಗಾಕತ್ತೈತಿ. ತಿನ್ನು.”

“ಅವ್ವಾ...”

“ತಿನ್ನು. ನಾ ನೋಡಬೇಕು.”

ಅವನು ಒಂದು ತುಂಡು ಬಾಯಿಗಿಟ್ಟ. ಅಗಿದ, ಅಗಿದ, ನುಂಗಲಾರದೆ ನುಂಗಿದ. ಕಣ್ಣಲ್ಲಿ ನೀರು ತುಂಬಿತ್ತು. ಪ್ರಾಣವೇ ಎಂದು ತಿನ್ನುತ್ತಿದ್ದ ತಿನಿಸು ಅಷ್ಟು ಕಷ್ಟಪಟ್ಟು ಒಳಗಿಳಿಯುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

“ಎಷ್ಟು ವರ್ಷ ಆತು?”

“ಸಿನ್ಸ್ ಕಾಲೇಜ್,” ಎಂದ. ನನ್ನ ಮಗಳನ್ನು ಕಾಣುವ ಮೊದಲಿನಿಂದ.

ಆ ತಾಯಿ ನನ್ನ ಕಡೆ ಕೈ ತೋರಿಸಿದರು. “ಇವರು ನನಗ ಪರಿಚಯ ಆಗಿ ಇನ್ನೂ ಒಂದು ತಾಸು ಆಗಿಲ್ಲ. ಮಗಳ ಮದುವಿ ಮುರಿದ್ರೂ ಮುರೀಲಿ ಅಂತ ನನ್ನ ಕೈ ಹಿಡಿದ್ರು. ನೀ ನನ್ನ ಹೊಟ್ಟ್ಯಾಗ ಹುಟ್ಟೀದಿ.” ಅಷ್ಟೇ ಹೇಳಿದ್ದು. ಜೋರು ಧ್ವನಿಯೂ ಅಲ್ಲ. ಹುಡುಗ ಕುಗ್ಗಿ ಹೋದ.

ಪಿದೆ ಬಂತು. ಯಾರಿಗೂ ಹಸಿವಿರಲಿಲ್ಲ. ಪಾಪ ಆ ಮಾಲೀಕ ದೂರದಿಂದಲೇ ನಮ್ಮ ತಟ್ಟೆಗಳನ್ನು ನೋಡಿ ಮುಖ ಸಣ್ಣಗೆ ಮಾಡಿಕೊಂಡಿದ್ದ. ಹುಡುಗನ ತಾಯಿ ಅದನ್ನು ಗಮನಿಸಿ, ಪಾಲಕಿನ ಪಿದೆಯನ್ನು ತುಂಡು ಮಾಡಿ ನನಗೊಂದು ಹಾಕಿ ತಾವೊಂದು ತೆಗೆದುಕೊಂಡರು. ಹೊರಗೆ ಗರಿಗರಿ, ಒಳಗೆ ಮೆತ್ತಗೆ ಇತ್ತು. ರುಚಿ ಮಾತ್ರ ನಾಲಿಗೆಗೆ ತಿಳಿಯಲಿಲ್ಲ.

“ನಾ ನಿಮ್ಮ ಮನಿಗೆ ಒಮ್ಮೆ ಬರಬೇಕ್ರಿ,” ಎಂದರು ಒಮ್ಮೆಲೇ. “ಹೊಸಾ ಪಾತ್ರಿ ನಾಕು ತಂದಿಡ್ರಿ, ನನ್ನ ಸಲುವಾಗಿ. ನೀವು ತಿನ್ನೂದು ನೀವು ತಿನ್ರಿ. ನಂದು ಬ್ಯಾರೆ ಆಗ್ಲಿ. ಆದ್ರ ಏನು ಅಂತ ಹೇಳಿ ಹಾಕ್ರಿ.”

ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಮೇಜಿನ ಕೆಳಗೆ ಗಂಡನ ಕಾಲು ಮತ್ತೆ ತಾಗಿತು. ಈ ಸಲ ಯಾವ ಟೆಸ್ಟೂ ಇರಲಿಲ್ಲ.

ಅವರು ಪೇಡೆಯ ಡಬ್ಬಿ ಹತ್ತಿರಕ್ಕೆ ಎಳೆದುಕೊಂಡು ಮುಚ್ಚಳ ತೆಗೆದರು. ನನಗೊಂದು ಕೊಟ್ಟರು, ನನ್ನ ಗಂಡನಿಗೊಂದು. ನನ್ನ ಮಗಳಿಗೆ ತಾವೇ ಬಾಯಿಗಿಟ್ಟು ತಲೆ ಸವರಿದರು. ಮಾಲೀಕನನ್ನು ಕರೆದು ಅವನ ಹಿಟ್ಟಿನ ಅಂಗೈಗೂ ಒಂದು ಹಾಕಿದರು. ಮಗನಿಗೆ ಮಾತ್ರ ಕೊಡಲಿಲ್ಲ, ಡಬ್ಬಿ ಅವನ ಮುಂದೆ ಹಾಗೇ ಇತ್ತು. ಅವನು ಅಂಜುತ್ತ ಕೈ ಚಾಚಿದ. ಬೆರಳಲ್ಲಿ ಇನ್ನೂ ಕೆಂಪು ಎಣ್ಣೆ ಮೆತ್ತಿಕೊಂಡಿತ್ತು. ತಾಯಿ ಆ ಬೆರಳನ್ನು ನೋಡುತ್ತ ಕೂತರು.

“ಮೊದಲ ಕೈ ತೊಳಕೊಂಡು ಬಾ,” ಎಂದರು.

ಅವನು ಕುರ್ಚಿ ಉರುಳುವಂತೆ ಎದ್ದು ಓಡಿದ. ಅವನು ಬರುವವರೆಗೂ ಅವರು ಒಂದು ಪೇಡೆಯನ್ನು ಕೈಯಲ್ಲೇ ಹಿಡಿದುಕೊಂಡಿದ್ದರು.