ಎವಾರಿಸ್ತೊನ ಎಡಗಾಲು

ಸತ್ತವನ ಕಾಲನ್ನು ಯಾವ ಸರ್ಜನ್ನೂ ಕತ್ತರಿಸಿ, ಹೊಲಿದು, ಪಟ್ಟಿ ಕಟ್ಟುವುದಿಲ್ಲ. ಇಷ್ಟು ತಿಳಿಯಲು ವೈದ್ಯಶಾಸ್ತ್ರ ಓದಬೇಕಿಲ್ಲ. ಆದರೆ ದಂಡಿನವರ ಕಾಗದ ಹೇಳುವುದೇ ಬೇರೆ. ಎವಾರಿಸ್ತೊ ಅರ್ಗೇತಾ ಎಂಬ ಇಪ್ಪತ್ತೆರಡರ ಬಂಡುಕೋರ 1983ರ ಮಾರ್ಚ್ 14ರಂದು ಹೊಳೆಯ ದಂಡೆಯ ಗುಂಡಿನ ಚಕಮಕಿಯಲ್ಲಿ ಸತ್ತನಂತೆ. ಮಾರನೆಯ ದಿನ ಇದೇ ಸಾನ್ ಇಲಾರಿಯೊದ ದಂಡಿನ ಆಸ್ಪತ್ರೆಯಲ್ಲಿ ಅವನ ಎಡಗಾಲನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಲಾಯಿತು.

ಕತ್ತರಿಸಿದವರು ಡಾಕ್ಟರ್ ಅನ್ಸೆಲ್ಮೊ ವಿಯಾತೊರೊ. ಹೌದು, ಮಾರುಕಟ್ಟೆಯ ಎದುರಿನ ದವಾಖಾನೆಯವರೇ. ಈ ಊರಿನ ಅರ್ಧ ಜನರ ಹೊಟ್ಟೆಯ ಮೇಲೆ ಅವರ ಹೊಲಿಗೆಯ ಗುರುತಿದೆ.

ಟೈಲರ್ ಮಗ. ಓದಿಸಿದ್ದು ಸೈನ್ಯ, ಹಾಗಾಗಿ ಅಂತರ್ಯುದ್ಧ ಶುರುವಾದಾಗ ಕರೆದಲ್ಲಿಗೆ ಹೋಗಬೇಕಾಯಿತು. ಬೆಟ್ಟದ ದಾರಿಯಲ್ಲಿ ಎರಡೂ ಕಡೆಯವರು ನೆಲಬಾಂಬು ಹುಗಿದಿದ್ದರು. ಇದ್ದದ್ದು ಒಂದೇ ಗರಗಸ. ಅದನ್ನು ತಮಾಲೆ ಎಂಬ ಜೋಳದ ಕಡುಬು ಬೇಯಿಸುವ ಹಂಡೆಯಲ್ಲಿ ಕುದಿಸಿ, ಒಬ್ಬನದು ಮುಗಿದ ಮೇಲೆ ಮತ್ತೆ ಕುದಿಸಿ, ಮೂರು ವರ್ಷ ಅದೇ ಕೆಲಸ. ಮಂಪರಿನ ಮದ್ದಿನಲ್ಲಿ ಹುಡುಗರು ಅವ್ವನನ್ನು ಕರೆಯುತ್ತಿದ್ದರು, ಕಳೆದುಹೋದ ಮೇಕೆಯನ್ನು ಕರೆಯುತ್ತಿದ್ದರು.

ಕತ್ತರಿಸಿದ್ದನ್ನೆಲ್ಲ ಸುಡಬೇಕೆಂದು ಆಜ್ಞೆ. ಆಸ್ಪತ್ರೆಯ ಆಳು ಚೆಂತೆ ಸುಡುತ್ತಿರಲಿಲ್ಲ. ಬೆಟ್ಟದ ಹಳ್ಳಿಯವನು, ನಲವತ್ತು ದಾಟಿದವನು, ಡಾಕ್ಟರಿಗಿಂತ ಹಿರಿಯ. ಒಂದೊಂದು ಕಾಲನ್ನೂ ಹಳೆಯ ಬಟ್ಟೆಯಲ್ಲಿ ಸುತ್ತಿ ಊರ ಸ್ಮಶಾನದ ಗೋಡೆಯ ಮೂಲೆಯಲ್ಲಿ ಹೂತು, ಇಟ್ಟಿಗೆಯ ಮೇಲೆ ಮೊಳೆಯಿಂದ ಹೆಸರು, ತಾರೀಖು ಕೆತ್ತಿ ನೆಡುತ್ತಿದ್ದ.

"ಏನಯ್ಯಾ ಚೆಂತೆ, ಕಾಲಿಗೂ ಗೋರಿನಾ?" ಎಂದು ಡಾಕ್ಟರು ನಗುತ್ತಿದ್ದರು.

"ನಗ್ರೀ ಡಾಕ್ಟ್ರೇ. ಕಡೇ ದಿನ ದೇವರು ಎಲ್ರನ್ನೂ ಎಬ್ಬಿಸ್ದಾಗ ಇವರೆಲ್ಲ ತಮ್ತಮ್ಮ ಕಾಲು ಹುಡುಕ್ಬೇಕಲ್ಲ. ಹೆಸರಿಲ್ದಿದ್ರೆ ಕಂಡೋರ ಕಾಲು ಹಾಕ್ಕೊಂಡು ಓಡ್ತಾರೆ."

ಮಂಚದ ಮೇಲಿನ ಸಿಪಾಯಿಯೊಬ್ಬ ಕೂಗುತ್ತಿದ್ದ: "ನಂದನ್ನ ಮಾತ್ರ ಆ ಬಂಡುಕೋರರ ಕಾಲಿನ ಪಕ್ಕ ಇಡ್ಬೇಡಪ್ಪೋ, ಅಲ್ಲೂ ಜಗಳಕ್ಕೆ ಬೀಳ್ತವೆ!"

"ಒಂಟಿ ಕಾಲಲ್ಲಿ ಏನು ಜಗಳ ಆಡ್ತೀಯೋ, ಸುಮ್ನೆ ಮಲ್ಕೋ!" ಎನ್ನುತ್ತಿದ್ದ ಚೆಂತೆ.

ಆ ಆಸ್ಪತ್ರೆಯಲ್ಲಿ ಒಂದು ನಿಯಮವಿತ್ತು, ತಂದವರು ವಿಯಾತೊರೊ ಅವರೇ. ಸರ್ಜನ್ ಸಹಿಯಿಲ್ಲದೆ ಕರ್ನಲ್ ಬಂದರೂ ರೋಗಿಯನ್ನು ಮಂಚದಿಂದ ಎಬ್ಬಿಸುವಂತಿಲ್ಲ. ಗಾಯ ಮಾಗದ ಹುಡುಗರನ್ನು ಮತ್ತೆ ಬೆಟ್ಟಕ್ಕೆ ಅಟ್ಟುತ್ತಾರೆಂದು ಜಗಳವಾಡಿ ತಂದ ನಿಯಮ. ಎಷ್ಟೋ ಸಿಪಾಯಿಗಳಿಗೆ "ಆಗಲ್ಲ, ಕಳಿಸಲ್ಲ" ಎಂದು ಸಹಿ ನಿರಾಕರಿಸಿದವರು ಅವರು.

ಮಾರ್ಚ್ 17ರ ಬೆಳಿಗ್ಗೆ ಒಬ್ಬ ಲೆಫ್ಟಿನೆಂಟ್ ಬಂದ. "ಆ ಕೈದಿ ಎವಾರಿಸ್ತೊನ್ನ ರಾಜಧಾನಿಯ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀವಿ, ಒಂದು ಸಹಿ ಹಾಕಿ ಡಾಕ್ಟ್ರೇ."

ಡಾಕ್ಟರು ಬರೆದರು: ಪ್ರಯಾಣಕ್ಕೆ ಯೋಗ್ಯ. ಸಹಿ ಹಾಕಿದರು.

ದಂಡಿನವರು ಕೈದಿಯನ್ನು ಬೂದು ಬಣ್ಣದ ಪಿಕಪ್ ಗಾಡಿಗೆ ಏರಿಸಿದರು. ಚೆಂತೆ ಅವನಿಗೆಂದು ಊರುಗೋಲು ಹಿಡಿದು ಹಿಂದೆಯೇ ಓಡಿದ. "ಬೇಡ, ಇಲ್ಲೇ ಇರ್ಲಿ, ಬೇರೆಯೋರಿಗೆ ಆಗುತ್ತೆ" ಎಂದ ಲೆಫ್ಟಿನೆಂಟ್. ಕಿಟಕಿಯಲ್ಲಿ ನಿಂತಿದ್ದ ಡಾಕ್ಟರಿಗೆ ಆ ಮಾತು ಕೇಳಿಸಿತು. ಒಂಟಿಕಾಲಿನವನಿಗೆ ಊರುಗೋಲು ಬೇಡವೆಂದರೆ ಏನರ್ಥ ಎಂದು ನನ್ನನ್ನು ಕೇಳಬೇಡಿ. ಅವರಿಗೆ ಗೊತ್ತಾಯಿತು. ಕೆಳಗಿಳಿದು ಹೋಗಲಿಲ್ಲ. ಹಂಡೆಯಲ್ಲಿ ಗರಗಸ ಕುದಿಯುತ್ತಿತ್ತು, ಮುಂದಿನವನು ಕಾಯುತ್ತಿದ್ದ.

ಹೋದ ನವೆಂಬರ್ ಎರಡು, ಸತ್ತವರ ದಿನ. ಊರೆಲ್ಲ ಗೋರಿಗಳಿಗೆ ಬಣ್ಣ ಬಳಿದು ಕಾಗದದ ಹೂಮಾಲೆ ಹಾಕುತ್ತಿತ್ತು. ಎವಾರಿಸ್ತೊನ ತಾಯಿ, ಎಲ್ಲರೂ ಗೌರವದಿಂದ ನಿನ್ಯಾ ತೋಮಾಸಾ ಎನ್ನುವ ಎಂಬತ್ತೆರಡರ ಮುದುಕಿ, ಮಗಳ ಮನೆಗೆಂದು ಈ ಊರಿಗೆ ಬಂದು ಆಗಿನ್ನೂ ತಿಂಗಳಾಗಿತ್ತು. ಮಗನಿಗೆ ಗೋರಿಯಿಲ್ಲವಾದ್ದರಿಂದ ಪ್ರತಿವರ್ಷ ದಿಕ್ಕಿಲ್ಲದ ಯಾವುದಾದರೂ ಗೋರಿಗೆ ಮಾಲೆ ಹಾಕುವುದು ಆಕೆಯ ರೂಢಿ. ಈ ಸಲ ಗೋಡೆಯ ಮೂಲೆಗೆ ಹೋದಳು. ಗಡಿಯಾಚೆ ಹೊಂಡುರಾಸಿನ ನಿರಾಶ್ರಿತರ ಶಿಬಿರದಲ್ಲಿ ಅಕ್ಷರ ಕಲಿತವಳು. ಪಾಚಿ ಉಜ್ಜಿ, ಇಟ್ಟಿಗೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಎವಾರಿಸ್ತೊ ಅರ್ಗೇತಾ. ಎಡಗಾಲು. 15 ಮಾರ್ಚ್ 83.

ಮಾರನೆಯ ದಿನ ದವಾಖಾನೆಯಲ್ಲಿ ಸರದಿ ಕಾದು ಡಾಕ್ಟರ ಎದುರು ಕುಳಿತಳು.

"ಎಲ್ಲಿ ನೋವು ನಿನ್ಯಾ?"

"ಈ ಕಾಲು ನೀವೇ ಕತ್ತರಿಸಿದ್ದಾ ಡಾಕ್ಟ್ರೇ?" ಹೆಸರು, ತಾರೀಖು ಹೇಳಿದಳು.

"ಆ ಹೆಸರಿನೋರು ಬೆಟ್ಟದಲ್ಲಿ ಎಷ್ಟೋ ಜನ ಇದ್ರು. ಎಷ್ಟು ಕಾಲು ಕತ್ತರಿಸಿದೀನೋ ನಂಗೇ ನೆನಪಿಲ್ಲ."

"ನನ್ನ ಮಗಂದು ನೆನಪಿರುತ್ತೆ. ಎರಡನೇ ಬೆರಳೂ ಮೂರನೇ ಬೆರಳೂ ಅಂಟ್ಕೊಂಡಿದ್ವು. ಊರೋರೆಲ್ಲ ಬಾತುಕೋಳಿ ಅಂತಿದ್ರು."

ಡಾಕ್ಟರು ಕನ್ನಡಕ ತೆಗೆದರು.

"ಎಚ್ಚರ ಆದಾಗ ಅವನೂ ಅದನ್ನೇ ಅಂದ. 'ಈಜೋ ಕಾಲನ್ನೇ ತೆಗೆದ್ಬಿಟ್ರಲ್ಲ ಡಾಕ್ಟ್ರೇ' ಅಂದು ನಕ್ಕ."

"ನಕ್ಕನಾ?"

"ನಕ್ಕ. ಜ್ವರ ಇಳಿದಿತ್ತು. ಹುರುಳಿಕಾಯಿ ಕಾಳಿನ ಸಾರು ಕುಡಿದಿದ್ದ. ಬದುಕ್ತಿದ್ದ ನಿನ್ಯಾ."

"ಆಮೇಲೆ?"

ಆಮೇಲಿನದನ್ನು ಡಾಕ್ಟರು ಹೇಳಿದರು. ಸಹಿ, ಊರುಗೋಲು, ಕಿಟಕಿ. ಯಾವುದನ್ನೂ ಮುಚ್ಚಲಿಲ್ಲ.

"ಕಾಲು ಕತ್ತರಿಸಿ ಮಗನ್ನ ಉಳಿಸಿದ್ರಿ, ಅದಕ್ಕೆ ಕೈ ಮುಗೀತೀನಿ," ಎಂದಳು ಮುದುಕಿ. "ಸಹಿ ಹಾಕಿದ್ದಕ್ಕೆ ಕ್ಷಮೆ ನನ್ನ ಹತ್ರ ಕೇಳ್ಬೇಡಿ, ಇಲ್ಲ. ಮಿಕ್ಕ ನನ್ನ ಮಗ ಎಲ್ಲಿದಾನೆ, ಅದನ್ನ ಹೇಳಿ."

ಅದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದಷ್ಟನ್ನು ಜನವರಿಯಲ್ಲಿ ನ್ಯಾಯಾಧೀಶರ ಮುಂದೆ ಪ್ರಮಾಣ ಮಾಡಿ ಹೇಳಿದರು. ಅದೇ ವಾರ ಕ್ಷೌರದಂಗಡಿಯಲ್ಲಿ ಹಳೆಯ ದಂಡಿನ ಗೆಳೆಯನೊಬ್ಬ ಮಾತಿಗಿಳಿದ.

"ಏನಪ್ಪಾ ಅನ್ಸೆಲ್ಮೊ, ಊರಲ್ಲೆಲ್ಲ ನಿನಗೊಬ್ಬನಿಗೇನಾ ಮನಸ್ಸಾಕ್ಷಿ ಇರೋದು?"

"ಇದ್ದಿದ್ರೆ ಆವತ್ತೇ ಇರ್ತಿತ್ತು," ಎಂದರು ಡಾಕ್ಟರು.

ನಲವತ್ತು ವರ್ಷ ತಡಮಾಡಿದ ಮನುಷ್ಯನನ್ನು ನಾನು ಹೊಗಳುವುದಿಲ್ಲ. ಆದರೆ ಬಂದು ಹೇಳಿದವರು ಅವರೊಬ್ಬರೇ. ಕೈದಿ 17ರಂದು ಬದುಕಿದ್ದನೆಂದು ಈಗ ದಾಖಲಾಗಿದೆ. ಜಾಗ ಗೊತ್ತಿಲ್ಲದೆ ಅಗೆಯಲು ಆದೇಶ ಕೊಡುವಂತಿಲ್ಲ ಎನ್ನುತ್ತಾರೆ ನ್ಯಾಯಾಧೀಶರು. ನಿನ್ಯಾ ತೋಮಾಸಾಗೆ ಈ ಮಳೆಗಾಲದಿಂದ ಉಸಿರಾಟ ಸರಿಯಿಲ್ಲ.

ಆ ಬೂದು ಬಣ್ಣದ ಪಿಕಪ್ಪನ್ನು ಒಬ್ಬ ಓಡಿಸಿದ. ಒಬ್ಬ ಗೇಟು ತೆರೆದ. ಹಿಂದೆ ಇಬ್ಬರು ಕುಳಿತಿದ್ದರು. ಗುಂಡಿ ತಾನಾಗಿ ತೋಡಿಕೊಳ್ಳುವುದಿಲ್ಲ. ಅಂದು ಇಪ್ಪತ್ತಾಗಿದ್ದವರಿಗೆ ಇಂದು ಅರವತ್ತರ ಮೇಲೆ. ನೀವು ಇದೇ ಊರಲ್ಲಿದ್ದೀರಿ, ಪುಪುಸಾ ರೊಟ್ಟಿ ತಿನ್ನುತ್ತಾ ಈ ಪತ್ರಿಕೆ ಓದುತ್ತಿದ್ದೀರಿ. ನಿಮ್ಮನ್ನು ಜೈಲಿಗೆ ಹಾಕಿ ಎಂದು ಆ ತಾಯಿ ಕೇಳುತ್ತಿಲ್ಲ. ನಾನು ಕೇಳುತ್ತೇನೆ, ಆ ಮಾತು ಬೇರೆ. ನ್ಯಾಯಾಧೀಶರ ಕಚೇರಿ ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ. ನಾಳೆಯೇ ಹೋಗಿ. ಅವನನ್ನು ಎಲ್ಲಿ ಹೂತಿರಿ ಎಂದು ಹೇಳಿ.