ಈಶ್ವರನ ವೆಲ್ಡಿಂಗ್ ಬಿಟ್ಟಿರಲಿಲ್ಲ

ಈಶ್ವರ ನಾಯ್ಕನ ವೆಲ್ಡಿಂಗ್ ಬಿಟ್ಟಿರಲಿಲ್ಲ. ಬಿಟ್ಟಿದ್ದು ನಾನು ಹೊಡೆದ ಮರದ ಬೆಣೆ. ಸುಬ್ರಾಯ ಭಾವನ ಪಾದದ ಮೇಲೆ ಲೋಡರಿನ ಬಕೆಟ್ಟು ಬಿದ್ದದ್ದು ನನ್ನಿಂದ. ಹೆಸರು ಕೆಟ್ಟದ್ದು ಈಶ್ವರನದು. ಏಳು ವರ್ಷ ಇದನ್ನು ನುಂಗಿಕೊಂಡಿದ್ದೆ — ಹಾಗೆನ್ನುವುದೂ ಪೂರ್ತಿ ನಿಜವಲ್ಲ. ನುಂಗಿಕೊಂಡವನು ಸುಮ್ಮನಿರುತ್ತಾನೆ. ನಾನು ಸುಮ್ಮನಿರಲಿಲ್ಲ. ಸುಳ್ಳನ್ನು ಚೆಂದ ಮಾಡಿ ಮನೆಮನೆಗೆ ಹಂಚಿದೆ.

ನನ್ನನ್ನು ಬಲ್ಲವರಿಗೆ ಗೊತ್ತು, ನಾನು ಮಾತಿನ ಆಸಾಮಿ. ಚಿಕ್ಕಂದಿನಲ್ಲಿ ದೊಡ್ಡಪ್ಪ ಎಲೆಯಡಿಕೆಯ ಕವಳ ಹಾಕಿಕೊಂಡು ಕೂತರೆ ಅವನ ಬಾಯಿಂದ ಬೀಳುವ ಒಂದೊಂದು ಮಾತನ್ನೂ ಹೆಕ್ಕಿ ಇಟ್ಟುಕೊಳ್ಳುತ್ತಿದ್ದೆ. ಅಜ್ಜಿ ಒಬ್ಬರ ನಡಿಗೆಯನ್ನು ಮಾತಿನಲ್ಲೇ ನಡೆದು ತೋರಿಸುತ್ತಿದ್ದಳು, ಅದನ್ನೂ ಕಲಿತೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂರಲಿಕ್ಕೆ ಜನ ಜಾಗ ಹಿಡಿಯುತ್ತಿದ್ದರು. ಅದು ನನಗೆ ಖುಷಿಯ ವಿಷಯವಾಗಿತ್ತು. ಇವತ್ತು ಅದನ್ನು ಬರೆಯುವಾಗ — ಇರಲಿ, ಮೊದಲು ನಡೆದದ್ದನ್ನು ಹೇಳುತ್ತೇನೆ.

ಆ ವರ್ಷ ಒಂದು ಸಣ್ಣ ಟ್ರ್ಯಾಕ್ಟರ್ ಕೊಂಡಿದ್ದೆ, ಒಬ್ಬರು ಓಡಿಸಿ ಬಿಟ್ಟದ್ದು. ಅದರ ಮೂತಿಗೆ ಒಂದು ಲೋಡರ್ ಕೂರಿಸಬೇಕೆಂಬ ಹುಚ್ಚು ಹಿಡಿಯಿತು. ಲೋಡರ್ ಎಂದರೆ ಹೆಚ್ಚೇನಲ್ಲ: ಎರಡು ಕಬ್ಬಿಣದ ತೋಳು, ತುದಿಗೆ ಅಗಲವಾದ ಬಕೆಟ್ಟು, ಎತ್ತಲಿಕ್ಕೂ ಸುರಿಯಲಿಕ್ಕೂ ಎಣ್ಣೆಯ ಒತ್ತಡ. ದೂರದಿಂದ ತರಿಸಿದೆ. ಬಿಡಿಬಿಡಿಯಾಗಿ ಮರದ ಪೆಟ್ಟಿಗೆಯಲ್ಲಿ ಬಂತು. ಜೋಡಿಸುವವರನ್ನು ಕಳಿಸುತ್ತೇವೆ ಎಂದರೂ ನಾನು ಬೇಡ ಎಂದೆ. ಮೊಬೈಲಿನಲ್ಲಿ ವಿಡಿಯೋ ನೋಡಿ, ಹಲಸಿನ ಕೊಂಬೆಗೆ ಚೈನ್ ಬ್ಲಾಕ್ ಕಟ್ಟಿ, ಒಂದೊಂದೇ ತೋಳನ್ನು ಎತ್ತಿ ಹದಿನೈದು ದಿನ ಗುದ್ದಾಡಿದೆ. ಎಣ್ಣೆಯ ಪೈಪುಗಳನ್ನು ಅದಲುಬದಲು ಸೇರಿಸಿಬಿಟ್ಟೆ. ಇಳಿ ಎಂದರೆ ಏರುವ ಬಕೆಟ್ಟನ್ನು ಕಂಡು ಹೆಂಡತಿ ಸಾವಿತ್ರಿ ಸೆರಗು ಬಾಯಿಗಿಟ್ಟು ನಕ್ಕಳು. ಯಂತ್ರಕ್ಕೂ ನಿಂಗಳ ಬುದ್ಧಿ ಬಂತು ಎಂದಳು. ಆ ಹದಿನೈದು ದಿನ, ಸುಳ್ಳೇಕೆ, ನನ್ನ ಬದುಕಿನ ಒಳ್ಳೆಯ ದಿನಗಳು.

ತೊಡಕು ಬಂದದ್ದು ಎಡಗಡೆ. ಲೋಡರಿನ ಪೂರ್ತಿ ಭಾರ ನಿಲ್ಲುವುದು ಟ್ರ್ಯಾಕ್ಟರಿನ ಎರಡು ಪಕ್ಕೆಗೆ ಬಿಗಿಯುವ ಎರಡು ದಪ್ಪ ಪಟ್ಟಿಗಳ ಮೇಲೆ. ಬಲಗಡೆಯದು ಅಂಟಿದಂತೆ ಕೂತಿತು. ಎಡಗಡೆಯದಕ್ಕೂ ಟ್ರ್ಯಾಕ್ಟರಿಗೂ ನಡುವೆ ಒಂದು ಬೆರಳಿನಷ್ಟು ಸಂದಿ. ಹುಲಗೋಳದ ದಾರಿಯಲ್ಲಿ ಶೆಡ್ಡು ಹಾಕಿಕೊಂಡಿದ್ದ ಈಶ್ವರ ನಾಯ್ಕನನ್ನು ಕರೆಸಿದೆ. ನಮ್ಮ ಕಡೆಯ ಗೇಟು, ಕೊಟ್ಟಿಗೆಯ ಮಾಡಿನ ಕಬ್ಬಿಣ, ಎಲ್ಲ ಅವನ ಕೈಯವು. ಅವನು ಎರಡೂ ಪಟ್ಟಿಗಳ ನಡುವೆ ಅಡಿಯಲ್ಲಿ ಒಂದು ಅಡ್ಡ ಕೋಲು ಕೂರಿಸಿ ವೆಲ್ಡ್ ಮಾಡಿದ. ಆಮೇಲೆ ಸಂದಿಗೆ ಬೆರಳು ಹಾಕಿ ಅಳತೆ ತೆಗೆದ.

“ಹೆಗಡೇರೆ, ಇಷ್ಟೇ ದಪ್ಪದ ಕಬ್ಬಿಣದ ಪ್ಲೇಟು ಬೇಕು. ಶಿರಸಿಯಲ್ಲಿ ಕೊಯ್ಸಿ ಮಂಗಳವಾರ ತರ್ತೆ. ಅಲ್ಲಿವರೆಗೆ ಭಾರ ಎತ್ಬೇಡಿ.”

ಅದು ಶನಿವಾರ. ಸೋಮವಾರ ನಮ್ಮ ಮನೆಯ ಮುರಿಯಾಳು.

ಮುರಿಯಾಳು ನಮ್ಮಲ್ಲಿನ ಹಳೆಯ ರೂಢಿ. ಇವತ್ತು ಎಂಟು ಮನೆಯವರೂ ಸೇರಿ ನಮ್ಮ ಕೆಲಸ, ನಾಳೆ ನಾವೆಲ್ಲ ಸೇರಿ ಅವರ ಕೆಲಸ. ಕೂಲಿಯ ಮಾತಿಲ್ಲ, ಊಟ, ಆಸರಿಗೆ ಚಾ-ಮಜ್ಜಿಗೆ, ಹರಟೆ. ಆ ಸೋಮವಾರ ನಮ್ಮ ಗೊಬ್ಬರಗುಂಡಿ ಖಾಲಿ ಮಾಡುವುದಿತ್ತು. ಎಂಟೂ ಮನೆಗಳಿಗೆ ಹೋಗಿ ನಾನು ಹೇಳಿ ಬಂದಿದ್ದೆ — ಈ ಸಲ ಯಾರೂ ಬುಟ್ಟಿ ತರಬೇಡಿ, ತಲೆಗೆ ಸುತ್ತಲು ಪಂಜಿಯನ್ನೂ ತರಬೇಡಿ, ಬಂದು ಕುರ್ಚಿಯ ಮೇಲೆ ಕೂತು ನೋಡಿ ಸಾಕು.

ಒಂದು ಫೋನು ಮಾಡಿದ್ದರೆ ಆಗುತ್ತಿತ್ತು. ಬುಟ್ಟಿ ತನ್ನಿ, ಯಂತ್ರ ಇನ್ನೂ ಆಗಿಲ್ಲ — ಇಷ್ಟೇ. ಜನ ನಾಲ್ಕು ದಿನ ನಗುತ್ತಿದ್ದರು. ಎಲ್ಲರನ್ನೂ ನಗಿಸುವ ನನಗೆ ನನ್ನನ್ನು ನೋಡಿ ಜನ ನಗುವುದು —

ಭಾನುವಾರ ಮಧ್ಯಾಹ್ನ ಅಟ್ಟದಿಂದ ಮತ್ತಿ ಮರದ ಒಂದು ತುಂಡು ಇಳಿಸಿದೆ. ದೊಡ್ಡಪ್ಪನ ಕಾಲದ್ದು, ಬಡಿದರೆ ಕಬ್ಬಿಣದ ಸದ್ದು ಬರುತ್ತಿತ್ತು. ನಮ್ಮಲ್ಲಿ ನೇಗಿಲಿನಿಂದ ಹಿಡಿದು ಬಾಗಿಲ ಚೌಕಟ್ಟಿನ ತನಕ ಎಲ್ಲವೂ ನಿಂತಿರುವುದು ಬೆಣೆಯ ಮೇಲೆ. ಸಡಿಲ ಕಂಡಲ್ಲಿ ಬೆಣೆ ಹೊಡೆ ಎನ್ನುವುದು ದೊಡ್ಡಪ್ಪನ ಮಾತು. ಗುದ್ದಲಿಯ ಕಾವಿಗೂ ಅದೇ, ಸಂಸಾರಕ್ಕೂ ಅದೇ. ಆದರೆ ಅವನು ಹೇಳಿದ್ದು ಮರಕ್ಕೆ ಮರ. ಎರಡು ಕಬ್ಬಿಣದ ನಡುವೆ ಸಿಕ್ಕಿದ ಮರ ಭಾರ ಬಿದ್ದಂತೆಲ್ಲ ಕೂದಲೆಳೆಯಷ್ಟು ಹಿಸುಕುತ್ತದೆ, ಅಷ್ಟಕ್ಕೇ ಬೋಲ್ಟು ಸಡಿಲಾಗುತ್ತದೆ, ಆಮೇಲೆ ಭಾರವೆಲ್ಲ ಬೋಲ್ಟಿನ ಕುತ್ತಿಗೆಗೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಜೋಡಿಸುವ ಪುಸ್ತಕದಲ್ಲಿ ಚಿತ್ರ ಸಮೇತ ಇತ್ತು. ಈಶ್ವರನೂ ಹೇಳಿದ್ದ. ಮತ್ತಿಯನ್ನು ಹದವಾಗಿ ಕೆತ್ತಿ, ಸಂದಿಗೆ ಹೊಡೆದು, ತೂತು ಕೊರೆದು, ಅಂಗಡಿಯ ಮಾಮೂಲಿ ಉದ್ದ ಬೋಲ್ಟಿನಲ್ಲಿ ಬಿಗಿದೆ. ಮೇಲೆ ಕೆಂಪು ಬಣ್ಣ ಬಳಿದೆ. ಬಣ್ಣ ಬಳಿಯಬೇಕಾದ ಅಗತ್ಯ ಏನಿತ್ತು? ಅದೊಂದನ್ನು ಕೇಳಿಕೊಂಡರೆ ಸಾಕು, ನನಗೆ ಎಷ್ಟು ಗೊತ್ತಿತ್ತು ಎಂದು ತಿಳಿಯುತ್ತದೆ.

ಸೋಮವಾರ ಬೆಳಿಗ್ಗೆ ಎಲ್ಲ ಸುಸೂತ್ರ. ಎಂಟು ಮನೆಯವರೂ ನಿಂತು ನೋಡಿದರು. ಬಕೆಟ್ಟು ಗುಂಡಿಗಿಳಿದು ಗೊಬ್ಬರ ಬಾಚಿ ಪಿಕಪ್ಪಿಗೆ ಸುರಿಯುತ್ತಿತ್ತು, ನಾನು ಮೇಲೆ ಕೂತು ರಾಜನ ಹಾಗೆ ಮಾತಾಡುತ್ತಿದ್ದೆ. ಪಿಕಪ್ಪು ಸುಬ್ರಾಯ ಭಾವನದು. ಭಾವ ಎಂದರೆ ಸಾವಿತ್ರಿಯ ಅಣ್ಣ, ಪಕ್ಕದ ಮನೆಯವನೇ. ಊಟಕ್ಕೆ ಮುಂಚಿನ ಕೊನೆಯ ಲೋಡು. ಅವನು ಹಿಂದಿನ ಬಾಗಿಲು ಹಾಕಲೆಂದು ಬಂದ. ಎಡಗಡೆ ಟಪ್ ಎಂದು ಒಂದು ಸದ್ದು — ಇಡೀ ಲೋಡರು ಒಂದು ಪಕ್ಕಕ್ಕೆ ತಿರುಚಿಕೊಂಡು ತುಂಬಿದ ಬಕೆಟ್ಟು ಅವನ ಬಲಪಾದದ ಮೇಲೆ ಕೂತಿತು.

ಜನ ಸೇರಿ ಬಕೆಟ್ಟು ಎತ್ತಿ ಅವನ ಕಾಲು ಬಿಡಿಸಿದರು.

ಲೋಡರು ತಿರುಚಿದ ರಭಸಕ್ಕೆ ಅಡಿಯ ಅಡ್ಡ ಕೋಲೂ ಬಾಗಿ, ಅದರ ಒಂದು ತುದಿಯ ವೆಲ್ಡು ಕಿತ್ತು ಬಂದಿತ್ತು. ಬೆಣೆ ಬಣ್ಣದ ಮರೆಯಲ್ಲಿತ್ತು, ಕಿತ್ತ ವೆಲ್ಡು ಎಲ್ಲರ ಕಣ್ಣೆದುರು. ಶಿರಸಿಯ ಆಸ್ಪತ್ರೆಯಲ್ಲಿ ಎಕ್ಸರೇಗೆ ಕಾಯುತ್ತ ಮಲಗಿದ್ದ ಭಾವ ನನ್ನ ಮುಖ ನೋಡಿ ಕೇಳಿದ.

“ಈಶ್ವರನ ವೆಲ್ಡಿಂಗು ಬಿಟ್ಟೋತನಾ?”

“ಹೌದು ಭಾವ. ಹಂಗೇ ಕಾಣ್ತು.”

ಜೊತೆಗೆ ಬಂದ ಮೂರು ಮನೆಯವರು ಅಲ್ಲೇ ನಿಂತಿದ್ದರು. ತಲೆ ಅಲ್ಲಾಡಿಸಿದರು. ಅಷ್ಟೇ. ಒಬ್ಬ ಮನುಷ್ಯನ ಇಪ್ಪತ್ತು ವರ್ಷದ ಕೆಲಸ ನಾಲ್ಕು ಶಬ್ದದಲ್ಲಿ ಮುಗಿಯಿತು.

ಮನೆಗೆ ಬಂದವನು ಮೊದಲು ಮಾಡಿದ ಕೆಲಸ — ಜಜ್ಜಿ ಹೋಗಿದ್ದ ಮತ್ತಿಯ ಚೂರುಗಳನ್ನು ಸಂದಿಯಿಂದ ಕಿತ್ತು ಬಚ್ಚಲ ಒಲೆಗೆ ಹಾಕಿದೆ. ಒಳ್ಳೆಯ ಮರ, ಚೆನ್ನಾಗಿ ಉರಿಯಿತು. ಆ ನೀರಿನಲ್ಲೇ ಸ್ನಾನ ಮಾಡಿ ದೇವರಿಗೆ ದೀಪ ಹಚ್ಚಿದೆ.

ಮಂಗಳವಾರ ಬೆಳಿಗ್ಗೆ ಈಶ್ವರ ಬೈಕಿನಲ್ಲಿ ಬಂದ. ಅವನಿಗೆ ಸುದ್ದಿಯೇ ಗೊತ್ತಿರಲಿಲ್ಲ. ಹೇಳಿದ ದಿನ, ಹೇಳಿದ ಹೊತ್ತಿಗೆ, ಗೋಣಿಯಲ್ಲಿ ಸುತ್ತಿದ ಪ್ಲೇಟು ಹಿಡಿದು ನಗುತ್ತ ಅಂಗಳಕ್ಕೆ ಬಂದವನು ಯಂತ್ರ ನೋಡಿ ನಿಂತುಬಿಟ್ಟ. ಭಾವನ ವಿಷಯ ವಿಚಾರಿಸಲು ಬಂದವರು ನಾಲ್ಕೈದು ಜನ ಅಲ್ಲಿದ್ದರು. ಅವನು ಕುಕ್ಕರಗಾಲಲ್ಲಿ ಕೂತು ತುಂಡಾದ ಬೋಲ್ಟು ಹೆಕ್ಕಿ ಹೆಬ್ಬೆರಳಿನಿಂದ ಸವರಿದ. ಸಂದಿಗೆ ಎಂತ ಹಾಕಿದ್ರಿ ಹೆಗಡೇರೆ ಎಂದು ಮೆಲ್ಲಗೆ ಕೇಳಿದ. ಎಂತದೂ ಇಲ್ಲ, ಹಾಗೇ ಬಿಗಿದಿದ್ದೆ, ನಿನ್ನ ವೆಲ್ಡಿಂಗ್ ನಿಲ್ಲಲಿಲ್ಲ ಈಶ್ವರ ಎಂದೆ. ನಾಲ್ಕು ಜನರೆದುರು, ಅವನ ಕಣ್ಣು ನೋಡುತ್ತ. ಅವನು ನನ್ನನ್ನೂ ಬೋಲ್ಟನ್ನೂ ನೋಡಿ, ಪ್ಲೇಟನ್ನು ಮೆಟ್ಟಿಲ ಮೇಲಿಟ್ಟು ಹೋದ. ಬಂದವರನ್ನೆಲ್ಲ ಕೇಳುವ ‘ಆಸರಿಗೆ ಎಂತ ಬೇಕು’ ಎಂಬ ಮಾತನ್ನೂ ನಾನು ಅವನಿಗೆ ಕೇಳಲಿಲ್ಲ.

ಆ ಪ್ಲೇಟನ್ನೇ ಆಮೇಲೆ ಸಿದ್ದಾಪುರದ ಒಬ್ಬ ಮೇಸ್ತ್ರಿಯಿಂದ ಹಾಕಿಸಿದೆ. ಒಂದು ನೂಲಿನಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಏಳು ವರ್ಷದಿಂದ ನನ್ನ ಲೋಡರು ಗೊಬ್ಬರ ಎತ್ತುತ್ತಿರುವುದು ಅದರ ಮೇಲೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ಒಂದು ಸುಳ್ಳು ಹೇಳಿದವನಾಗಿ ಉಳಿಯುತ್ತಿದ್ದೆ. ನಿಲ್ಲಿಸಲಿಲ್ಲ. ಜನ ಕೇಳಿದರು, ನಾನು ಹೇಳಿದೆ. ಹೇಳುತ್ತ ಹೇಳುತ್ತ ಕತೆಗೆ ಕೈಕಾಲು ಬಂತು. ಟಪ್ ಎಂಬ ಸದ್ದು, ಭಾವ ಕಣ್ಣು ಬಿಟ್ಟದ್ದು, ಈಶ್ವರ ಬೋಲ್ಟು ಸವರಿದ್ದು — ಅದನ್ನೂ ಅಭಿನಯಿಸಿ ತೋರಿಸಿದೆ. ಒಂದು ಉಪನಯನದ ಪಂಕ್ತಿಯಲ್ಲಿ ಬಾಯಿಗೆ ಬಂತು: “ಈಶ್ವರನ ವೆಲ್ಡಿಂಗು ಹೇಳಿರೆ ಹಣೆ ಮೇಲಿನ ಕುಂಕುಮ ಇದ್ದಂಗೆ. ನೋಡಲೆ ಚಂದ, ಬೆವರಿದ್ರೆ ಹೋತು.” ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬಡಿಸುವವನು ಪಾಯಸದ ಪಾತ್ರೆ ಕೆಳಗಿಟ್ಟು ನಕ್ಕ. ಆ ನಗು ಕೇಳಿ ನನಗೆ — ಹೇಳಿಯೇಬಿಡುತ್ತೇನೆ — ಹಿತವಾಗಿತ್ತು.

ಮಾತು ನನಗಿಂತ ಮುಂದೆ ಓಡಿತು. ಗೇಟು ಮಾಡಿಸುವವರು ಸಿದ್ದಾಪುರಕ್ಕೆ ಹೋಗತೊಡಗಿದರು. ಎರಡು ವರ್ಷದಲ್ಲಿ ಈಶ್ವರ ಶೆಡ್ಡು ಮುಚ್ಚಿದ. ಯಲ್ಲಾಪುರದಲ್ಲಿ ಬೇರೊಬ್ಬರ ಶೆಡ್ಡಿನಲ್ಲಿ ಕೆಲಸಕ್ಕಿದ್ದಾನೆ ಎಂದು ಕೇಳಿದೆ. ಕೇಳಿ ಬೇರೆ ಮಾತು ತೆಗೆದೆ.

ಕಳೆದ ಬೇಸಿಗೆಯಲ್ಲಿ ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಇಬ್ಬರು ಹೆಂಗಸರು, ನಾನು ಕಂಡವರಲ್ಲ, ಯಾರದೋ ಮುರಿದುಹೋದ ಮದುವೆ ನಿಶ್ಚಯದ ಬಗ್ಗೆ ಮಾತಾಡುತ್ತಿದ್ದರು. ಅದು ಈಶ್ವರನ ವೆಲ್ಡಿಂಗ್ ಆತು ಬಿಡು ಎಂದಳು ಒಬ್ಬಳು. ಯಾರು ತಂಗೀ ಈಶ್ವರ ಎಂದರೆ ಎಂದು ಕೇಳಿದೆ.

“ಯಂಗೆ ಗೊತ್ತಿಲ್ಲೆ. ಯಂಗ್ಳ ಬದಿಗೆ ಹಂಗೆ ಹೇಳ್ತ.”

ಮನುಷ್ಯ ಅಳಿಸಿಹೋಗಿದ್ದ. ಅವನ ಹೆಸರು ಮುರಿಯುವ ಎಲ್ಲದಕ್ಕೂ ಅಂಟಿಕೊಂಡು ಉಳಿದಿತ್ತು. ಗಾದೆಗಳು ಹೇಗೆ ಹುಟ್ಟುತ್ತವೆ ಎಂದು ಚಿಕ್ಕಂದಿನಲ್ಲಿ ಅಜ್ಜಿಯನ್ನು ಕೇಳಿದ್ದೆ, ಅವಳಿಗೆ ಗೊತ್ತಿರಲಿಲ್ಲ. ನನಗೆ ಈಗ ಒಂದರ ಹುಟ್ಟು ಗೊತ್ತು.

ಮರುವಾರ ಯಲ್ಲಾಪುರಕ್ಕೆ ಹೋದೆ. ಈಶ್ವರ ಕಿಟಕಿಯ ಸರಳು ಬೆಸೆಯುತ್ತಿದ್ದ. ಕೂದಲು ಪೂರ್ತಿ ನೆರೆತಿತ್ತು. ನನ್ನನ್ನು ಕಂಡು ಕನ್ನಡಕ ಮೇಲೆತ್ತಿ, ಬನ್ನಿ ಹೆಗಡೇರೆ, ಭಾವನ ಕಾಲು ಹೇಗಿದೆ ಎಂದ. ಕುಂಟುತ್ತಾನೆ, ಆದರೂ ಗಾಡಿ ಓಡಿಸುತ್ತಾನೆ ಎಂದೆ. ಆಮೇಲೆ ನಿಂತಲ್ಲೇ ಎಲ್ಲ ಹೇಳಿದೆ. ಬೆಣೆ, ಬಣ್ಣ, ಬಚ್ಚಲ ಒಲೆ. ಅವನು ಆಶ್ಚರ್ಯಪಡಲಿಲ್ಲ.

“ಗೊತ್ತಿತ್ತು. ಬೋಲ್ಟಿನ ಹಲ್ಲಿನಲ್ಲಿ ಮರದ ಸಿಬರು ಇತ್ತು.”

ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ ಎಂದೆ. ಕೇಳಬಾರದಿತ್ತು.

“ಯಾರು ಕೇಳ್ತಿದ್ರು? ಕೆಲಸ ನಂದು, ಮಾತು ನಿಮ್ದು.” ಕೈಯಲ್ಲಿದ್ದ ಸರಳನ್ನು ಮಗುಚಿ ಇಟ್ಟ. “ನನ್ನ ಹತ್ರ ಹೇಳಿ ಎಂತ ಮಾಡೂದು ಹೆಗಡೇರೆ? ನಂಗೆ ಮೊದ್ಲೇ ಗೊತ್ತಿದ್ದದ್ದೇ. ಮನೆಮನೆಗೆ ಹೋಗಿ ಹೇಳಿದ್ರಲ್ಲ, ಅಲ್ಲೇ ಹೋಗಿ ಹೇಳಿ.” ನಾನು ಹೊರಡುವಾಗ ಇನ್ನೊಂದು ಮಾತು ಸೇರಿಸಿದ. “ನಗಿಸ್ಬೇಡಿ.”

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಮೊದಲು ಸಾವಿತ್ರಿಗೆ ಹೇಳಿದೆ. ಅವಳು ಎರಡು ದಿನ ಊಟಕ್ಕೆ ಬಡಿಸಿದಳು, ಮಾತಾಡಲಿಲ್ಲ. ಅಣ್ಣನ ಹತ್ತಿರ ನಾನು ಬಾಯಿ ಬಿಡುವುದಿಲ್ಲ, ಅದು ನಿಂಗಳೇ ಹೇಳುವಂಥದ್ದು ಎಂದಳು ಮೂರನೆಯ ದಿನ. ಆಮೇಲೆ ಮುರಿಯಾಳಿನ ಮನೆಗಳು. ಒಂದು ಕಡೆ, ಹಳೇದೆಲ್ಲ ಎಂತಕ್ಕೆ, ಕವಳ ಹಾಕಿ ಎಂದು ತಟ್ಟೆ ಮುಂದೆ ಸರಿಸಿದರು. ಇನ್ನೊಂದು ಕಡೆ ಪೂರ್ತಿ ಕೇಳಿಸಿಕೊಂಡು, ಆದರೂ ವೆಲ್ಡಿಂಗೂ ಸ್ವಲ್ಪ ಪೊಳ್ಳೇ ಇದ್ದಿರಬೇಕು ಅಲ್ಲವೋ ಎಂದರು. ಅಲ್ಲ ಎಂದೆ. ನಂಬಿದ ಹಾಗೆ ಕಾಣಲಿಲ್ಲ. ಸುಳ್ಳನ್ನು ನಾನು ಅಷ್ಟು ಚೆಂದ ಹೇಳಿದ್ದೆ, ನಿಜ ಅದರ ಮುಂದೆ ಸಪ್ಪೆ. ನಾಲ್ಕನೆಯ ಮನೆಯಲ್ಲಿ ಇಳಿ ಎಂದರೆ ಏರುವ ಬಕೆಟ್ಟಿನ ಸಂಗತಿ ಬಂತು — ಕೈ ತಾನಾಗಿ ಮೇಲೆದ್ದು ಅಭಿನಯಿಸಿತು, ಮನೆಯವರೆಲ್ಲ ನಕ್ಕರು. ಅರ್ಧಕ್ಕೆ ನಿಲ್ಲಿಸಿ ಎದ್ದು ಬಂದೆ. ಮರುದಿನ ಮತ್ತೆ ಹೋಗಿ, ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು, ಮೊದಲಿನಿಂದ ಹೇಳಿದೆ. ಈ ಸಲ ಯಾರೂ ನಗಲಿಲ್ಲ. ಆ ಮನೆಯ ಹಿರಿಯರು ತಮ್ಮ ಗೇಟಿನ ಕಡೆ ನೋಡಿದರು. ಅದು ಸಿದ್ದಾಪುರದಲ್ಲಿ ಮಾಡಿಸಿದ್ದು.

ಏಳು ಮನೆ ಆಯಿತು. ಭಾವನಿಗೆ ನಾನೇ ಹೇಳುತ್ತೇನೆ, ಅಲ್ಲಿವರೆಗೆ ಬಾಯಿ ಬಿಡಬೇಡಿ ಎಂದು ಏಳೂ ಕಡೆ ಕೇಳಿಕೊಂಡಿದ್ದೇನೆ. ಉಳಿದದ್ದು ಭಾವನದು. ಎಲ್ಲಕ್ಕಿಂತ ಹತ್ತಿರದ ಮನೆ, ನಡೆದರೆ ಐವತ್ತು ಹೆಜ್ಜೆ. ಅದನ್ನೇ ಕೊನೆಗೆ ಉಳಿಸಿಕೊಂಡೆ. ಬಸ್‌ಸ್ಟ್ಯಾಂಡಿನ ಆ ಹೆಂಗಸರಂಥವರಿಗೂ ತಲುಪಲೆಂದು ಬರೆದ ಇದು ಪತ್ರಿಕೆಯಲ್ಲಿ ಅಚ್ಚಾಗಿ, ಯಾರದೋ ಬಾಯಿಂದ ಅವನಿಗೆ ತಿಳಿಯಬಾರದು. ನಾಳೆ ಬೆಳಿಗ್ಗೆ ತಿಂಡಿಯಾದ ಮೇಲೆ ಹೋಗುತ್ತೇನೆ. ಅವನು ಜಗಲಿಯಲ್ಲಿ ಕಾಲು ಚಾಚಿ ಎಣ್ಣೆ ಹಚ್ಚಿಕೊಳ್ಳುವ ಹೊತ್ತು ಅದು. ಗೊತ್ತಿದ್ದೂ ಹಾಕಿದ್ಯಾ ಎಂದು ಕೇಳುತ್ತಾನೆ, ನನಗೆ ಅವನು ಗೊತ್ತು. ಗೊತ್ತಿದ್ದೇ ಹಾಕಿದ್ದೆ ಎನ್ನಬೇಕು. ಅದರ ಹಿಂದೆ ‘ಆದರೆ’ ಎಂದು ಶುರುವಾಗುವ ವಾಕ್ಯ ಒಂದೂ ಬರಬಾರದು.